ಕ್ರಾಲರ್‌ಗೆ ಸರ್ವೋ ಆರಿಸುವಾಗ ಕೆಜಿ ಅಂಕಿಗಿಂತ ಮೊದಲು ನೋಡಬೇಕಾದದ್ದು

ಎರಡು ಕಲ್ಲುಗಳ ಸಂದಿಯಲ್ಲಿ ಮುಂದಿನ ಚಕ್ರ ಸಿಕ್ಕಿಕೊಂಡಿದೆ. ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದ್ದೀರಿ. ಚಕ್ರವನ್ನು ಎಡಬಲಕ್ಕೆ ತಿರುಗಿಸುವ ಪುಟ್ಟ ಮೋಟಾರು ಡಬ್ಬಿ, ಅಂದರೆ ಸರ್ವೋ, ಗುಂಯ್ ಅನ್ನುತ್ತಿದೆ, ಚಕ್ರ ಮಾತ್ರ ಅಲ್ಲಾಡುತ್ತಿಲ್ಲ. ಅಷ್ಟರಲ್ಲಿ ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರಿನ ದೀಪ ಮಿಣುಕುತ್ತದೆ, ಒಂದೆರಡು ಕ್ಷಣ ಗಾಡಿ ಯಾವ ಮಾತನ್ನೂ ಕೇಳುವುದಿಲ್ಲ. ರಿಮೋಟ್ ಕಂಟ್ರೋಲ್ ಕ್ರಾಲರ್, ಅಂದರೆ ಕಲ್ಲುಬಂಡೆ ಹತ್ತುವ ಪುಟ್ಟ ಗಾಡಿ, ಓಡಿಸುವವರಿಗೆಲ್ಲ ಪರಿಚಯವಿರುವ ಕಾಟ ಇದು.

ತಕ್ಷಣ ಹೊಳೆಯುವ ಮದ್ದು ಇನ್ನೂ ದೊಡ್ಡ ಸರ್ವೋ. 15 ಕೆಜಿಯದನ್ನು ತೆಗೆದು 35 ಕೆಜಿಯದನ್ನು ಹಾಕುತ್ತಾರೆ (ಇಲ್ಲಿ ಕೆಜಿ ಎಂದರೆ ಸರ್ವೋ ತಿರುಗಿಸುವ ಬಲ, ಅದರ ತೂಕವಲ್ಲ). ಆಮೇಲೆ ನೋಡಿದರೆ ಕಾಟ ಕಡಿಮೆಯಾಗುವ ಬದಲು ಜಾಸ್ತಿಯಾಗಿರುತ್ತದೆ. ಮೊದಲು ಅಪರೂಪಕ್ಕೆ ಸಾಯುತ್ತಿದ್ದ ಗಾಡಿ ಈಗ ಪ್ರತಿ ಕಲ್ಲಿಗೂ ಸಾಯುತ್ತದೆ. ಹೊಸ ಸರ್ವೋದಲ್ಲಿ ದೋಷವೇನೂ ಇಲ್ಲ. ಅದು ಕೇಳುವಷ್ಟು ಕರೆಂಟು ಅದಕ್ಕೆ ಸಿಗುತ್ತಿಲ್ಲ, ಅಷ್ಟೇ. ಬ್ಯಾಟರಿಯಿಂದ ಟೈರಿನ ತನಕ ಬಲ ಹೋಗುವ ದಾರಿ ಪೂರ್ತಿ ನೋಡದೆ ಸರ್ವೋ ಕೊಂಡರೆ ಹೀಗೇ ಆಗುವುದು.

ಡಬ್ಬಿಯೊಳಗೆ ಏನಿದೆ

ಸರ್ವೋ ಒಳಗೆ ಇರುವುದು ನಾಲ್ಕೇ ವಸ್ತು. ಒಂದು ಪುಟ್ಟ ಮೋಟಾರು, ಅದರ ವೇಗ ಇಳಿಸಿ ಬಲ ಹೆಚ್ಚಿಸುವ ಗೇರುಗಳು, ಹೊರಬರುವ ಶಾಫ್ಟು ಈಗ ಯಾವ ಕೋನದಲ್ಲಿದೆ ಎಂದು ಅಳೆಯುವ ಸೆನ್ಸರು, ಮತ್ತೆ ಇವನ್ನೆಲ್ಲ ನಡೆಸುವ ಸಣ್ಣ ಬೋರ್ಡು. ರಿಸೀವರ್ ಒಂದು ಸೆಕೆಂಡಿಗೆ ಹಲವು ಬಾರಿ ಪುಟ್ಟ ಪುಟ್ಟ ಪಲ್ಸ್ ಕಳಿಸುತ್ತದೆ. ಪಲ್ಸಿನ ಅಗಲ 1.5 ಮಿಲಿಸೆಕೆಂಡ್ ಇದ್ದರೆ ನಡು. 1ರ ಕಡೆ ಹೋದರೆ ಒಂದು ಬದಿ, 2ರ ಕಡೆ ಹೋದರೆ ಇನ್ನೊಂದು ಬದಿ. ಬೋರ್ಡು ಆ ಅಗಲವನ್ನೂ ಸೆನ್ಸರಿನ ಕೋನವನ್ನೂ ಹೋಲಿಸಿ, ಎರಡೂ ಸರಿಹೋಗುವ ತನಕ ಮೋಟಾರನ್ನು ತಿರುಗಿಸುತ್ತಲೇ ಇರುತ್ತದೆ.

ಆ 'ತನಕ' ಅನ್ನುವುದೇ ಕ್ರಾಲರ್‌ನಲ್ಲಿ ತೊಂದರೆ ತರುವುದು. ಚಕ್ರ ಕಲ್ಲಿಗೆ ಒತ್ತಿ ನಿಂತಿದೆ, ಹೇಳಿದ ಕೋನ ತಲುಪಲು ಆಗುತ್ತಿಲ್ಲ. ಸರ್ವೋಗೆ ಸೋಲು ಒಪ್ಪುವ ಬುದ್ಧಿ ಇಲ್ಲ. ಇದ್ದಬದ್ದ ಕರೆಂಟನ್ನೆಲ್ಲ ಎಳೆದು ತಳ್ಳುತ್ತಲೇ ಇರುತ್ತದೆ. ಶಾಫ್ಟು ತಿರುಗದಿದ್ದರೆ ಎಳೆದ ವಿದ್ಯುತ್ತೆಲ್ಲ ಬಿಸಿಯಾಗಿ ಹೋಗುತ್ತದೆ. 7.4 ವೋಲ್ಟಿನಲ್ಲಿ 3 ಆಂಪಿಯರ್ ಎಂದರೆ 22 ವ್ಯಾಟ್. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿಯೊಳಗೆ ಇಷ್ಟು ಶಾಖ! ಸುಟ್ಟ ವಾಸನೆ ಬಂದರೆ ಆಶ್ಚರ್ಯವೇನಿಲ್ಲ.

ರೇಸ್ ಕಾರಿನ ಸರ್ವೋಗೆ ಈ ಪಾಡಿಲ್ಲ. ಅಲ್ಲಿ ಟೈರು ಉರುಳುತ್ತಿರುತ್ತದೆ, ಉರುಳುವ ಟೈರನ್ನು ತಿರುಗಿಸುವುದು ಸುಲಭ. ಅಲ್ಲಿ ಬೇಕಾದ್ದು ವೇಗ. ಕ್ರಾಲರ್ ನಿಂತಲ್ಲೇ ಚಕ್ರ ತಿರುಗಿಸಬೇಕು. ಹೆಚ್ಚಿನ ಕ್ರಾಲರ್‌ಗಳ ಮುಂದಿನ ಆಕ್ಸಲ್ ಲಾಕ್ ಆಗಿರುತ್ತದೆ, ಅಂದರೆ ಎರಡೂ ಚಕ್ರ ಒಂದೇ ವೇಗದಲ್ಲಿ ಸುತ್ತಲೇಬೇಕು. ಮೇಲಿಂದ ಮೆತ್ತಗಿನ ಅಂಟು ಟೈರು. ಜನ ಹಿಡಿತಕ್ಕೆಂದು ಚಕ್ರದೊಳಗೆ ಹಿತ್ತಾಳೆ ತೂಕ ಬೇರೆ ತುಂಬುತ್ತಾರೆ. ಇವೆಲ್ಲದರ ಹೊರೆಯೂ ಕೊನೆಗೆ ಬೀಳುವುದು ಸ್ಟೀರಿಂಗ್ ಸರ್ವೋ ಮೇಲೆ.

ಎಷ್ಟು ಕೆಜಿ ಸಾಕು?

25 ಕೆಜಿ ಸರ್ವೋ ಅಂತ ನಾವು ಸುಮ್ನೆ ಬಾಯಿಮಾತಿಗೆ ಅಂದರೂ ಅದು 25 ಕೆಜಿ-ಸೆಂಟಿಮೀಟರ್. ಶಾಫ್ಟಿನ ನಡುವಿನಿಂದ 1 ಸೆಂಟಿಮೀಟರ್ ದೂರದಲ್ಲಿ 25 ಕೆಜಿ ತೂಕದಷ್ಟು ಬಲ. ದೂರ ಹೆಚ್ಚಿದಂತೆ ಬಲ ಇಳಿಯುತ್ತದೆ. ಶಾಫ್ಟಿಗೆ ಸಿಕ್ಕಿಸುವ ತೋಳು, ಅಂದರೆ ಹಾರ್ನ್, 2 ಸೆಂಟಿಮೀಟರ್ ಉದ್ದದ್ದು ಹಾಕಿದರೆ ತುದಿಯಲ್ಲಿ ಉಳಿಯುವುದು 12.5 ಕೆಜಿ. ಎರಡೂವರೆ ಸೆಂಟಿಮೀಟರಿಗೆ 10 ಕೆಜಿ.

ಹಾಗಾದರೆ ಕ್ರಾಲರ್‌ಗೆ ನಿಜವಾಗಿ ಬೇಕಾದ್ದೆಷ್ಟು? ಒಂದು ಒರಟು ಲೆಕ್ಕ ಹಾಕೋಣ. 1/10 ಅಳತೆಯ ಗಾಡಿ, ತೂಕ 3 ಕೆಜಿ, ಟೈರಿನ ವ್ಯಾಸ 12 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಮುಂದಿನ ಆಕ್ಸಲ್ ಮೇಲೆ ಸುಮಾರು 1.8 ಕೆಜಿ ಕೂತಿರುತ್ತದೆ, ಒಂದೊಂದು ಚಕ್ರಕ್ಕೆ 900 ಗ್ರಾಂ. ಚಕ್ರ ತಿರುಗುವ ಕೀಲಿನಿಂದ ಟೈರು ನೆಲ ಮುಟ್ಟುವ ಜಾಗ 3 ಸೆಂಟಿಮೀಟರ್ ಆಚೆ ಇದ್ದು, ಟೈರು ಚೆನ್ನಾಗಿ ಅಂಟುತ್ತದೆ ಎಂದರೆ ಒಂದು ಚಕ್ರಕ್ಕೆ 2.7, ಎರಡೂ ಸೇರಿ 5.4 ಕೆಜಿ-ಸೆಂಟಿಮೀಟರ್. ಅಂದರೆ ಸಮತಟ್ಟು ನೆಲದಲ್ಲಿ 9-10 ಕೆಜಿಯ ಸಾಧಾರಣ ಸರ್ವೋ ಕೂಡ ಸಾಕು. ಮನೆಯ ನೆಲದ ಮೇಲೆ ಎಲ್ಲ ಸರ್ವೋಗಳೂ ಚೆನ್ನಾಗಿಯೇ ಕಾಣುವುದು ಇದಕ್ಕೇ.

ಈಗ ಅದೇ ಚಕ್ರ ಸಂದಿಯಲ್ಲಿ ಸಿಕ್ಕಿದೆ. ಟೈರಿನ ಮುಂದಿನ ಅಂಚು ಕಲ್ಲಿಗೆ ಒತ್ತಿದೆ. ಅಂಚು ಕೀಲಿನಿಂದ 6 ಸೆಂಟಿಮೀಟರ್ ದೂರ. ಅಲ್ಲಿ ಗಾಡಿಯ ಪೂರ್ತಿ ತೂಕದಷ್ಟು, ಅಂದರೆ 3 ಕೆಜಿ ಬಲ ಹಾಕಬೇಕೆಂದರೆ 18 ಕೆಜಿ-ಸೆಂಟಿಮೀಟರ್ ಬೇಕು. ಅದಕ್ಕಿಂತ ಜಾಸ್ತಿ ಹಾಕಿದರೆ? ಕಲ್ಲು ಸರಿಯುವುದಿಲ್ಲ, ಗಾಡಿಯೇ ಪಕ್ಕಕ್ಕೆ ಸರಿಯುತ್ತದೆ. ಸರ್ವೋದಿಂದ ಚಕ್ರಕ್ಕೆ ಹೋಗುವ ಕಡ್ಡಿಗಳಲ್ಲಿ (ಲಿಂಕು), ಕೀಲುಗಳಲ್ಲಿ ಸೋರಿಹೋಗುವುದಕ್ಕೆ ಒಂದಿಷ್ಟು ಸೇರಿಸಿದರೂ 25ರ ಆಸುಪಾಸಿಗೆ ಬಂದು ನಿಲ್ಲುತ್ತೇವೆ.

ಸಾಮಾನ್ಯ 1.9 ಇಂಚು ವೀಲಿನ ಗಾಡಿಗೆ 20ರಿಂದ 25 ಕೆಜಿ ಅನ್ನುವ ಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಲೆಕ್ಕವೂ ಅದನ್ನೇ ಹೇಳುತ್ತದೆ. ಹಿತ್ತಾಳೆ ತುಂಬಿ ಗಾಡಿ 5 ಕೆಜಿ ಆಗಿದ್ದರೆ, ಅಥವಾ 2.2 ಇಂಚು ವೀಲಿಗೆ ದೊಡ್ಡ ಟೈರು ಹಾಕಿದ್ದರೆ 35ರ ಮಾತು ಸರಿ. ಮೂರು ಕೆಜಿಯ ಗಾಡಿಗೆ 60-70 ಕೆಜಿ ಸರ್ವೋ ಹಾಕಿದರೆ ಮುರಿಯುವ ಭಾಗ ಬದಲಾಗುತ್ತದೆ, ಅಷ್ಟೇ ಲಾಭ. ಸರ್ವೋ ಉಳಿಯುತ್ತದೆ, ನಕಲ್ (ಆಕ್ಸಲ್ ತುದಿಯಲ್ಲಿ ಚಕ್ರವನ್ನು ಹಿಡಿದು ತಿರುಗುವ ಭಾಗ) ಅಥವಾ ಲಿಂಕಿನ ತುದಿ ಹೋಗುತ್ತದೆ.

ಪುಟಾಣಿ ಗಾಡಿಗಳ ಲೆಕ್ಕ ಬೇರೆ. ಆಕ್ಸಿಯಲ್‌ನ ಎಸ್‌ಸಿಎಕ್ಸ್24 ಥರದ 1/24 ಗಾಡಿ, ಟ್ರ್ಯಾಕ್ಸಸ್‌ನ ಟಿಆರ್‌ಎಕ್ಸ್-4ಎಂ ಥರದ 1/18 ಗಾಡಿ, ಇವುಗಳಲ್ಲಿ ಕೆಲವೇ ಕೆಜಿ ಸಾಕು. ಅಲ್ಲಿ ಸರ್ವೋ ಡಬ್ಬಿ ಆ ಜಾಗದಲ್ಲಿ ಹಿಡಿಸುತ್ತದೆಯೇ ಅನ್ನುವುದೇ ಮೊದಲ ಪ್ರಶ್ನೆ. ಮಿಲಿಮೀಟರಿನಲ್ಲಿ ಅಳೆದೇ ಕೊಳ್ಳಬೇಕು.

ಜಾಹೀರಾತಿನ ಅಂಕಿ ನಂಬಬಹುದೇ?

ಸರ್ವೋ ಡಬ್ಬಿಯ ಮೇಲೆ ಎರಡು ಅಂಕಿ ದೊಡ್ಡದಾಗಿ ಇರುತ್ತವೆ. ಟಾರ್ಕ್, ಅಂದರೆ ತಿರುಗಿಸುವ ಬಲ, ಮತ್ತು 60 ಡಿಗ್ರಿ ತಿರುಗಲು ಹಿಡಿಯುವ ಸೆಕೆಂಡು. ಟಾರ್ಕ್ ಅಂಕಿ ಬರುವುದು ಶಾಫ್ಟು ಪೂರ್ತಿ ನಿಂತಾಗ. ವೇಗದ ಅಂಕಿ ಬರುವುದು ಯಾವ ಹೊರೆಯೂ ಇಲ್ಲದಾಗ. ಎರಡೂ ಒಂದೇ ಹೊತ್ತಿಗೆ ಯಾವತ್ತೂ ಸಿಗುವುದಿಲ್ಲ. ಹೊರೆ ಏರಿದಂತೆ ವೇಗ ಇಳಿಯುತ್ತದೆ, 25 ಕೆಜಿ ಸರ್ವೋ 25 ಕೆಜಿ ಹಾಕುವ ಹೊತ್ತಿಗೆ ಅದರ ವೇಗ ಸೊನ್ನೆ. ಚಕ್ರ ನಿಜವಾಗಿ ತಿರುಗುತ್ತಾ ಕೆಲಸ ಮಾಡಬೇಕಾದರೆ ಬರೆದದ್ದರ ಅರ್ಧ ಅಥವಾ ಇನ್ನೂ ಕಡಿಮೆ ಹೊರೆಯಲ್ಲಿ ಇರಬೇಕು. ಹಾಗಾಗಿ ಮೇಲಿನ ಲೆಕ್ಕದ 18 ಅನ್ನುವುದು ದಿನವಿಡೀ ಬೇಕಾಗುವ ಬಲವಲ್ಲ, ಸಿಕ್ಕಿಹಾಕಿಕೊಂಡ ಗಳಿಗೆಗೆ ಬೇಕಾದ್ದು ಎಂದು ಇಟ್ಟುಕೊಳ್ಳಿ.

ಇನ್ನು ಸುಳ್ಳಿನ ವಿಷಯ. ಸಣ್ಣ ಡಬ್ಬಿ, ಭಯಂಕರ ಟಾರ್ಕು, ಭಯಂಕರ ವೇಗ ಅಂತ ಬರೆದ ಸರ್ವೋಗಳು ಬೇಕಾದಷ್ಟಿವೆ. ಅವನ್ನು ಸೋಸಲು ಒಂದು ಸುಲಭ ದಾರಿ ಇದೆ. ಟಾರ್ಕನ್ನು ಸೆಕೆಂಡಿನಿಂದ ಭಾಗಿಸಿ, ಬಂದದ್ದನ್ನು ಮತ್ತೆ 10ರಿಂದ ಭಾಗಿಸಿ. ಸಿಗುವುದು ಹೆಚ್ಚುಕಡಿಮೆ ವ್ಯಾಟ್. ಸರ್ವೋ ಪೂರ್ತಿ ನಿಂತಾಗ ಎಳೆಯುವ ವಿದ್ಯುತ್ತು, ಅಂದರೆ ವೋಲ್ಟನ್ನು ಸ್ಟಾಲ್ ಕರೆಂಟಿನಿಂದ ಗುಣಿಸಿದ್ದು, ಕನಿಷ್ಠ ಅಷ್ಟಾದರೂ ಇರಬೇಕು. ಸಾಮಾನ್ಯ ಡಿಸಿ ಮೋಟಾರಿನ ಗುಣವೇ ಹಾಗೆ. ಗೇರಿನ ತಿಕ್ಕಾಟ ಸೇರಿದರೆ ಇನ್ನೂ ಜಾಸ್ತಿಯೇ ಬೇಕು, ಕಡಿಮೆ ಅಂತೂ ಸಾಲದು.

25 ಕೆಜಿ, 0.15 ಸೆಕೆಂಡ್, 7.4 ವೋಲ್ಟ್ ಅಂತ ಬರೆದಿದೆ ಎನ್ನಿ. 25 ಭಾಗಿಸು 0.15 ಎಂದರೆ ಸುಮಾರು 167. ಅದರ ಹತ್ತನೇ ಒಂದು ಭಾಗ 17 ವ್ಯಾಟ್. 7.4ರಿಂದ ಭಾಗಿಸಿದರೆ 2.3 ಆಂಪಿಯರ್. ಸ್ಟಾಲ್ ಕರೆಂಟ್ 3 ಅಥವಾ 4 ಆಂಪಿಯರ್ ಅಂತ ತಯಾರಕರು ಕೊಟ್ಟಿದ್ದರೆ ಮಾತು ಕೂಡುತ್ತದೆ. ಇನ್ನೊಂದರ ಮೇಲೆ 70 ಕೆಜಿ, 0.10 ಸೆಕೆಂಡ್, 8.4 ವೋಲ್ಟ್, ಸ್ಟಾಲ್ ಕರೆಂಟ್ 3 ಆಂಪಿಯರ್ ಅಂತಿದೆ. ಲೆಕ್ಕ ಹಾಕಿದರೆ 70 ವ್ಯಾಟ್, ಕನಿಷ್ಠ 8 ಆಂಪಿಯರ್ ಮೇಲೆ ಬೇಕು. 3 ಆಂಪಿಯರಿಗೆ ಸಿಗುವುದು 25 ವ್ಯಾಟ್. ಈ ಅಂಕಿಗಳಲ್ಲಿ ಒಂದಾದರೂ ಸುಳ್ಳು ಇರಲೇಬೇಕು, ಅಲ್ವಾ?

ಇದು ಒರಟು ಜರಡಿ. ಬೋರ್ಡಿನಲ್ಲೇ ಕರೆಂಟಿಗೆ ಮಿತಿ ಹಾಕುವ ಸರ್ವೋಗಳು ಈ ಲೆಕ್ಕವನ್ನು ಸ್ವಲ್ಪ ತಪ್ಪಿಸಬಹುದು. ಆದರೂ ಎರಡು-ಮೂರು ಪಟ್ಟು ವ್ಯತ್ಯಾಸ ಕಂಡರೆ ಆ ಸರ್ವೋ ಬಿಟ್ಟುಬಿಡಿ. ಸ್ಟಾಲ್ ಕರೆಂಟನ್ನು ಕೊಟ್ಟೇ ಇಲ್ಲದಿದ್ದರೆ ನನಗಂತೂ ಅನುಮಾನ ಇನ್ನೂ ಜಾಸ್ತಿ. ಅಳೆದಿದ್ದರೆ ಬರೆಯಲು ಏನು ಕಷ್ಟ?

ಅಂಕಿಯ ಪಕ್ಕದಲ್ಲಿ ವೋಲ್ಟೇಜ್ ಓದುವುದನ್ನು ಮರೆಯಬೇಡಿ. ದೊಡ್ಡ ಅಕ್ಷರದಲ್ಲಿರುವುದು ಸಾಮಾನ್ಯವಾಗಿ ಅತಿ ಹೆಚ್ಚಿನ ವೋಲ್ಟೇಜಿನ ಟಾರ್ಕು. ಟಾರ್ಕು ಹೆಚ್ಚುಕಡಿಮೆ ವೋಲ್ಟೇಜಿನ ಜೊತೆಗೇ ಇಳಿಯುತ್ತದೆ. 8.4 ವೋಲ್ಟಿನಲ್ಲಿ 35 ಕೆಜಿ ಕೊಡುವುದು 6 ವೋಲ್ಟಿನಲ್ಲಿ 25ಕ್ಕೆ ಬರುತ್ತದೆ. ನಿಮ್ಮ ಗಾಡಿ 6 ವೋಲ್ಟ್ ಕೊಡುವಂಥದ್ದಾದರೆ ನೀವು ಕೊಂಡದ್ದು 25 ಕೆಜಿ ಸರ್ವೋ.

ಕರೆಂಟು ಎಲ್ಲಿಂದ ಬರುತ್ತದೆ

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲಿದೆ. ಸಾಮಾನ್ಯವಾಗಿ ಸರ್ವೋಗೆ ವಿದ್ಯುತ್ತು ನೇರ ಬ್ಯಾಟರಿಯಿಂದ ಬರುವುದಿಲ್ಲ. ಗಾಡಿಯ ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ ಒಳಗೆ ಬಿಇಸಿ ಎಂಬ ಸಣ್ಣ ಸರ್ಕ್ಯೂಟು ಇರುತ್ತದೆ. ಬ್ಯಾಟರಿಯ 7.4 ಅಥವಾ 11.1 ವೋಲ್ಟನ್ನು 6 ವೋಲ್ಟಿಗೋ 7.4ಕ್ಕೋ ಇಳಿಸಿ ರಿಸೀವರಿಗೆ ಕೊಡುವುದು ಅದರ ಕೆಲಸ. ಸರ್ವೋ ತನ್ನ ಪಾಲನ್ನು ರಿಸೀವರಿನಿಂದ ತೆಗೆದುಕೊಳ್ಳುತ್ತದೆ. ಆರಂಭದ ದರ್ಜೆಯ ಎಷ್ಟೋ ಇಎಸ್‌ಸಿಗಳ ಬಿಇಸಿ ಕೊಡುವುದು 2-3 ಆಂಪಿಯರ್. ಅದಕ್ಕೆ 6-7 ಆಂಪಿಯರ್ ಕೇಳುವ ಸರ್ವೋ ಸಿಕ್ಕಿಸುವುದು ತೆಳು ಪೈಪಿನ ತುದಿಗೆ ದೊಡ್ಡ ನಲ್ಲಿ ಹಾಕಿದ ಹಾಗೆ. ನಲ್ಲಿ ಎಷ್ಟೇ ತಿರುವಿದರೂ ಬರುವ ನೀರು ಅಷ್ಟೇ.

ಬಿಇಸಿಯ ಕೈಲಾಗದಿದ್ದಾಗ ವೋಲ್ಟೇಜ್ ಕುಸಿಯುತ್ತದೆ. ಅದೇ ತಂತಿಯ ಮೇಲೆ ರಿಸೀವರೂ ಕೂತಿದೆ. ವೋಲ್ಟೇಜ್ ಒಂದು ಮಿತಿಗಿಂತ ಕೆಳಗೆ ಬಿದ್ದರೆ ರಿಸೀವರ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಆರಂಭದಲ್ಲಿ ಹೇಳಿದ ದೀಪ ಮಿಣುಕುವುದು, ಗಾಡಿ ಮಾತು ಕೇಳದಿರುವುದು ಇದರಿಂದಲೇ. ಇಂಗ್ಲಿಷ್ ಬಲ್ಲ ಹವ್ಯಾಸಿಗಳು ಬ್ರೌನ್‌ಔಟ್ ಅನ್ನುವುದು ಇದನ್ನೇ.

ನಿಮ್ಮ ಗಾಡಿಯಲ್ಲಿ ಹೀಗಾಗುತ್ತಿದೆಯೇ ಎಂದು ನೋಡುವುದು ಕಷ್ಟವಲ್ಲ. ರಿಸೀವರಿನ ಖಾಲಿ ಚಾನೆಲ್‌ಗೆ ಸಿಕ್ಕಿಸುವ ಪುಟ್ಟ ವೋಲ್ಟ್ ಮೀಟರುಗಳು ಸಿಗುತ್ತವೆ. ಅದನ್ನು ಹಾಕಿ, ಗಾಡಿಯನ್ನು ಒರಟು ನೆಲದ ಮೇಲಿಡಿ. ಮುಂದಿನ ಒಂದು ಟೈರನ್ನು ಕೈಯಿಂದ ಗಟ್ಟಿಯಾಗಿ ಹಿಡಿದು ಸ್ಟೀರಿಂಗ್ ತಿರುಗಿಸಿ. ಒಂದೆರಡು ಸೆಕೆಂಡ್ ಸಾಕು, ಜಾಸ್ತಿ ಹೊತ್ತು ಹಿಡಿದರೆ ಸರ್ವೋಗೇ ಪೆಟ್ಟು. 6.0 ಇದ್ದದ್ದು 5.7ಕ್ಕೆ ಇಳಿದು ನಿಂತರೆ ಚಿಂತೆ ಇಲ್ಲ. 4.5ರ ಕಡೆ ಧುಮುಕಿದರೆ ಆ ಬಿಇಸಿ ಈ ಸರ್ವೋಗೆ ಸಾಲದು. ಅಗ್ಗದ ಮೀಟರು ನಿಧಾನ, ಕ್ಷಣಮಾತ್ರದ ಕುಸಿತವನ್ನು ತೋರಿಸುವುದಿಲ್ಲ. ಹಾಗಾಗಿ ಮೀಟರಿನಲ್ಲಿ ಕಂಡದ್ದಕ್ಕಿಂತ ನಿಜಸ್ಥಿತಿ ಕೆಟ್ಟದ್ದೇ ಇರಬಹುದು.

ಸರಿಪಡಿಸಲು ಮೂರು ದಾರಿ ಇವೆ. ಮೊದಲನೆಯದಕ್ಕೆ ಖರ್ಚೇ ಇಲ್ಲ. ಕೆಲವು ಇಎಸ್‌ಸಿಗಳಲ್ಲಿ ಬಿಇಸಿಯನ್ನು 6ರಿಂದ 7.4 ವೋಲ್ಟಿಗೆ ಬದಲಿಸಬಹುದು. ಟಾರ್ಕು ಹೆಚ್ಚುತ್ತದೆ, ಆದರೆ ಸರ್ವೋ ಎಳೆಯುವ ಕರೆಂಟೂ ಹೆಚ್ಚುತ್ತದೆ, ಹಾಗಾಗಿ ಬಿಇಸಿಯ ಕರೆಂಟೇ ಸಾಲದಿದ್ದರೆ ಇದು ಮದ್ದಲ್ಲ. ಸರ್ವೋ, ರಿಸೀವರ್ ಎರಡೂ ಅಷ್ಟು ವೋಲ್ಟೇಜ್ ತಡೆಯುತ್ತವೆಯೇ ಎಂದು ಮೊದಲು ನೋಡಿ. ದೀಪ, ಗೇರ್ ಬದಲಿಸುವ ಸಣ್ಣ ಸರ್ವೋ ಇವೂ ಅದೇ ತಂತಿಯ ಮೇಲಿರುತ್ತವೆ ಅನ್ನುವುದನ್ನು ಎಷ್ಟೋ ಜನ ಮರೆಯುತ್ತಾರೆ.

ಎರಡನೆಯದು ಪ್ರತ್ಯೇಕ ಬಿಇಸಿ. ಬ್ಯಾಟರಿಯಿಂದ ನೇರ ತಂತಿ ಎಳೆದು, ಸರ್ವೋಗೆಂದೇ 7.4 ಅಥವಾ 8.4 ವೋಲ್ಟ್ ಕೊಡುವ ಸಣ್ಣ ಡಬ್ಬಿ. ಇದನ್ನು ಹಾಕುವಾಗ ಒಂದು ಎಚ್ಚರ ಬೇಕು. ಅದರ ಔಟ್‌ಪುಟ್ಟನ್ನು ರಿಸೀವರಿಗೇ ಕೊಡುವುದಾದರೆ ಇಎಸ್‌ಸಿಯಿಂದ ರಿಸೀವರಿಗೆ ಬರುವ ಕೆಂಪು ತಂತಿಯನ್ನು ಪ್ಲಗ್ಗಿನಿಂದ ಬಿಚ್ಚಿ ಟೇಪ್ ಸುತ್ತಬೇಕು. ಇಲ್ಲದಿದ್ದರೆ ಎರಡು ಬಿಇಸಿಗಳು ಒಂದೇ ತಂತಿಯಲ್ಲಿ ಒಂದನ್ನೊಂದು ತಳ್ಳಾಡುತ್ತವೆ. ನನಗೆ ಇನ್ನೊಂದು ಬಗೆಯ ಜೋಡಣೆ ಇಷ್ಟ: ರಿಸೀವರ್ ಹಳೆಯ ಬಿಇಸಿಯ ಮೇಲೇ ಇರಲಿ, ಹೊಸ ಬಿಇಸಿಯ ಕೆಂಪು ತಂತಿ ಸರ್ವೋಗೆ ಮಾತ್ರ ಹೋಗಲಿ, ರಿಸೀವರಿನಿಂದ ಸರ್ವೋಗೆ ಸಿಗ್ನಲ್ ತಂತಿ ಹೋಗಲಿ, ನೆಗೆಟಿವ್ ಎಲ್ಲಕ್ಕೂ ಒಂದೇ ಇರಲಿ. ಆಗ ಸರ್ವೋ ಎಷ್ಟೇ ಎಳೆದರೂ ರಿಸೀವರಿನ ವೋಲ್ಟೇಜ್ ಅಲ್ಲಾಡುವುದಿಲ್ಲ. ನೆಗೆಟಿವ್ ಸೇರಿಸುವುದು ಮರೆತರೆ ಸರ್ವೋ ಹುಚ್ಚುಹುಚ್ಚಾಗಿ ನಡುಗುತ್ತದೆ, ಇಲ್ಲವೇ ಕದಲುವುದೇ ಇಲ್ಲ.

ಮೂರನೆಯದು ಈಚೆಗೆ ಚೆನ್ನಾಗಿ ಹಬ್ಬಿರುವ ಡೈರೆಕ್ಟ್ ಪವರ್ ಸರ್ವೋ. ಇದಕ್ಕೆ ಬಿಇಸಿಯೇ ಬೇಡ. ದಪ್ಪ ತಂತಿ ನೇರ ಬ್ಯಾಟರಿಗೆ, ತೆಳು ತಂತಿ ಸಿಗ್ನಲ್‌ಗೆ. ಸೊಗಸಾದ ವ್ಯವಸ್ಥೆ. ಎರಡು ವಿಷಯ ಮಾತ್ರ ತಿಳಿದಿರಲಿ. ಪೂರ್ತಿ ಚಾರ್ಜಾದ 3ಎಸ್ ಲಿಪೋ, ಅಂದರೆ ಮೂರು ಸೆಲ್ಲಿನ ಲಿಥಿಯಂ ಬ್ಯಾಟರಿ, 12.6 ವೋಲ್ಟ್ ಇರುತ್ತದೆ. 2ಎಸ್‌ಗೆ ಮಾತ್ರ ಅಂತ ಬರೆದ ಸರ್ವೋಗೆ ಅದನ್ನು ಕೊಟ್ಟರೆ ಬೋರ್ಡು ಹೊಗೆಯಾಗುತ್ತದೆ. ಎರಡನೆಯದಾಗಿ, ಇಎಸ್‌ಸಿಯ ಸ್ವಿಚ್ ಆಫ್ ಮಾಡಿದರೂ ಈ ಸರ್ವೋ ಬ್ಯಾಟರಿಗೆ ಅಂಟಿಕೊಂಡೇ ಇರುತ್ತದೆ. ಆಟ ಮುಗಿದ ಮೇಲೆ ಬ್ಯಾಟರಿ ಬಿಚ್ಚಲೇಬೇಕು, ಇಲ್ಲದಿದ್ದರೆ ಲಿಪೋ ನಿಧಾನಕ್ಕೆ ಬರಿದಾಗಿ ಹಾಳಾಗುತ್ತದೆ.

ರಿಸೀವರಿಗೆ ಕೆಪಾಸಿಟರ್ ಸಿಕ್ಕಿಸಿದರೆ ಸಾಕು ಅನ್ನುವ ಸಲಹೆಯೂ ಕೇಳಿಬರುತ್ತದೆ. ಕ್ಷಣಮಾತ್ರದ ಕುಸಿತಕ್ಕೆ ಅದು ಸಹಾಯ ಮಾಡೀತು. ಕ್ರಾಲರ್‌ನಲ್ಲಿ ಚಕ್ರ ಸೆಕೆಂಡುಗಟ್ಟಲೆ ಸಿಕ್ಕಿಕೊಂಡಿರುತ್ತದೆ, ಅಷ್ಟು ಹೊತ್ತು ತಡೆಯುವ ಶಕ್ತಿ ಆ ಪುಟ್ಟ ಕೆಪಾಸಿಟರಿಗೆ ಇಲ್ಲ.

ವೇಗ, ಮೋಟಾರು, ಗೇರು

ವೇಗಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 60 ಡಿಗ್ರಿಗೆ 0.15 ಆಗಲಿ 0.20 ಆಗಲಿ, ಕಲ್ಲಿನ ಮೇಲೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದೇ ಮೋಟಾರಿನಲ್ಲಿ ನಿಧಾನದ ಗೇರು ಎಂದರೆ ಜಾಸ್ತಿ ಟಾರ್ಕು, ಹಾಗಾಗಿ ನಿಧಾನ ಇರುವುದೇ ನಮಗೆ ಒಳ್ಳೆಯದು.

ಮೋಟಾರಿನಲ್ಲಿ ಮೂರು ಬಗೆ. ಸಾಮಾನ್ಯ ಬ್ರಷ್ ಮೋಟಾರು ಅಗ್ಗ, ಗಟ್ಟಿಮುಟ್ಟು. ಕೋರ್‌ಲೆಸ್ ಮೋಟಾರಿನ ತಿರುಗುವ ಭಾಗ ಹಗುರ, ಅದಕ್ಕೆ ಚಲನೆ ನಯ, ಆದರೆ ಸ್ಟಾಲ್ ಆಗಿ ಬಿಸಿಯೇರಿದರೆ ಬೇಗ ಸುಡುತ್ತದೆ. ಬ್ರಷ್‌ಲೆಸ್‌ನಲ್ಲಿ ಸವೆಯುವ ಬ್ರಷ್ಷೇ ಇಲ್ಲ, ಬಾಳಿಕೆ ಜಾಸ್ತಿ, ಬೆಲೆಯೂ ಜಾಸ್ತಿ. ವಾರವಾರ ಕಲ್ಲು ಹತ್ತಿಸುವವರಿಗೆ ಬ್ರಷ್‌ಲೆಸ್ ಹಾಕಿದ ದುಡ್ಡು ದಂಡವಲ್ಲ. ಎಂದೋ ಒಮ್ಮೆ ಓಡಿಸುವವರಿಗೆ ಸಾಮಾನ್ಯದ್ದೇ ಸಾಕು.

ಗೇರು ಲೋಹದ್ದೇ ಇರಲಿ, ಅದರಲ್ಲಿ ಚೌಕಾಸಿ ಬೇಡ. ಚಕ್ರ ಕಲ್ಲಿನಿಂದ ಜಾರಿ ಬಿದ್ದಾಗ ಪೆಟ್ಟು ಹಿಂದಕ್ಕೆ ಗೇರಿಗೇ ಬರುತ್ತದೆ. ಪ್ಲಾಸ್ಟಿಕ್ ಹಲ್ಲು ಒಂದೇ ಪೆಟ್ಟಿಗೆ ಉದುರುತ್ತದೆ. ಹಿತ್ತಾಳೆಗಿಂತ ಉಕ್ಕು ಮೇಲು. ಇದಕ್ಕಿಂತ ಮುಖ್ಯ ಅಂತ ನನಗನಿಸುವುದು, ಆ ಸರ್ವೋಗೆ ಗೇರ್ ಸೆಟ್ ಬಿಡಿಯಾಗಿ ಸಿಗುತ್ತದೆಯೇ ಅನ್ನುವುದು. ಸಿಗುವಂತಿದ್ದರೆ ನಾಲ್ಕು ಸ್ಕ್ರೂ ಬಿಚ್ಚಿ, ಗೇರು ಬದಲಿಸಿ, ಗ್ರೀಸ್ ಹಚ್ಚಿದರೆ ಮುಗಿಯಿತು.

ನೀರಿನಲ್ಲಿ ಇಳಿಸುವವರು ಐಪಿ67 ಎಂಬ ಗುರುತು ನೋಡುತ್ತಾರೆ. ಧೂಳು ಒಳಗೆ ಹೋಗದು, 1 ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ತಡೆಯುತ್ತದೆ ಎಂದು ಅರ್ಥ. ಅದು ಹೊಸದಿದ್ದಾಗಿನ ಮಾತು. ಶಾಫ್ಟಿನ ಸುತ್ತಲಿನ ರಬ್ಬರ್ ರಿಂಗ್ ಮಣ್ಣಿಗೆ ಸವೆದ ಮೇಲೆ ಗುರುತು ಮಾತ್ರ ಉಳಿಯುತ್ತದೆ.

ಹಾರ್ನ್ ಮತ್ತು ಮೌಂಟು

ಒಳ್ಳೆಯ ಸರ್ವೋ ಕೊಂಡು, ಒಳ್ಳೆಯ ಬಿಇಸಿ ಹಾಕಿ, ಕೊನೆಗೆ ಪೆಟ್ಟಿಗೆಯಲ್ಲಿ ಬಂದ ಪ್ಲಾಸ್ಟಿಕ್ ಹಾರ್ನನ್ನೇ ಸಿಕ್ಕಿಸುವವರಿದ್ದಾರೆ. 25 ಕೆಜಿಗೆ ಅದು ಬಾಗುತ್ತದೆ, ಇಲ್ಲವೇ ಒಳಗಿನ ಹಲ್ಲು ಸವೆದು ಸುಮ್ಮನೆ ಸುತ್ತುತ್ತದೆ. ಅಲ್ಯೂಮಿನಿಯಂ ಹಾರ್ನ್ ಬೇಕು, ಅದರಲ್ಲೂ ಪಕ್ಕದ ಸ್ಕ್ರೂ ಬಿಗಿದರೆ ಶಾಫ್ಟನ್ನು ಅಪ್ಪಿ ಹಿಡಿಯುವಂಥದ್ದು. ಕೊಳ್ಳುವ ಮುಂಚೆ ಶಾಫ್ಟಿನ ಹಲ್ಲು ಎಷ್ಟು ಅಂತ ನೋಡಿ. ಫುಟಾಬಾ ಬಗೆಯಲ್ಲಿ 25 ಹಲ್ಲು, ಕ್ರಾಲರ್ ಸರ್ವೋಗಳಲ್ಲಿ ಬಹುಪಾಲು ಅದೇ. ಸಾನ್ವಾ, ಜೆಆರ್ ಬಗೆಯಲ್ಲಿ 23. ಹಳೆಯ ಹೈಟೆಕ್ ಸರ್ವೋಗಳಲ್ಲಿ 24. ಕಣ್ಣಿಗೆ ಎಲ್ಲ ಒಂದೇ ಥರ ಕಾಣುತ್ತವೆ, ಒತ್ತಿದರೆ ಕೂತಂತೆಯೂ ಅನಿಸುತ್ತದೆ. ಮೊದಲ ಕಲ್ಲಿಗೇ ಹಲ್ಲು ತಿಂದುಹೋಗುತ್ತದೆ.

ಹಾರ್ನ್ ಉದ್ದವನ್ನು ನಕಲಿನ ತೋಳಿನ ಉದ್ದಕ್ಕೆ ಹತ್ತಿರ ಇಟ್ಟುಕೊಳ್ಳಿ. ಎರಡೂ ಸಮ ಇದ್ದರೆ ಸರ್ವೋ ಟಾರ್ಕು ಹೆಚ್ಚುಕಡಿಮೆ ಹಾಗೇ ಚಕ್ರಕ್ಕೆ ಹೋಗುತ್ತದೆ. ಚಕ್ರ ಇನ್ನಷ್ಟು ತಿರುಗಲಿ ಎಂದು ಉದ್ದ ಹಾರ್ನ್ ಹಾಕಿದರೆ ಬಲ ಕಳೆದುಕೊಳ್ಳುತ್ತೀರಿ. ಗಿಡ್ಡ ಹಾರ್ನ್ ಹಾಕಿದರೆ ಬಲ ಬರುತ್ತದೆ, ಚಕ್ರ ಪೂರ್ತಿ ತಿರುಗುವುದಿಲ್ಲ. ಪೂರ್ತಿ ತಿರುಗುವಷ್ಟು ಉದ್ದ ಬೇಕು, ಅದಕ್ಕಿಂತ ಒಂದು ರಂಧ್ರವೂ ಆಚೆ ಬೇಡ. ನಡುವಿನಲ್ಲಿ ಹಾರ್ನ್‌ಗೂ ಲಿಂಕಿಗೂ 90 ಡಿಗ್ರಿ ಇರಲಿ. ಆ ಕೋನ ತಪ್ಪಿದರೆ ಒಂದು ಬದಿಗೆ ತಿರುಗುವಾಗ ಬಲ, ಇನ್ನೊಂದು ಬದಿಗೆ ಸೋಲು.

ಸರ್ವೋ ಕೂರಿಸುವ ಮೌಂಟು ಬಾಗುತ್ತಿದ್ದರೆ ಸರ್ವೋ ತಿರುಗುವುದರಲ್ಲಿ ಒಂದು ಪಾಲು ಅದನ್ನು ಬಗ್ಗಿಸುವುದಕ್ಕೇ ಖರ್ಚಾಗುತ್ತದೆ. ಚಕ್ರ ಹಿಡಿದು ಸ್ಟೀರಿಂಗ್ ತಿರುಗಿಸುವಾಗ ಸರ್ವೋ ಡಬ್ಬಿಯನ್ನೇ ದಿಟ್ಟಿಸಿ ನೋಡಿ. ಡಬ್ಬಿ ಹೊರಳಿದರೆ ಹೊಸ ಸರ್ವೋಗಿಂತ ಮೊದಲು ಲೋಹದ ಮೌಂಟು ಬೇಕು. ಎಷ್ಟೋ ಗಾಡಿಗಳಿಗೆ ಇಷ್ಟೇ ಸಾಕಾಗುತ್ತದೆ.

ಆಕ್ಸಲ್ ಮೇಲೆ ಕೂರುವ ಸರ್ವೋದಲ್ಲಿ ಲಿಂಕು ಗಿಡ್ಡ, ನೇರ, ಸಸ್ಪೆನ್ಷನ್ ಆಡಿದರೂ ಸ್ಟೀರಿಂಗ್ ಬದಲಾಗುವುದಿಲ್ಲ. ಚಾಸಿ ಮೇಲೆ ಕೂತದ್ದು ನೋಡಲು ನಿಜವಾದ ಜೀಪಿನ ಥರ ಚೆಂದ, ಆದರೆ ಲಿಂಕು ಉದ್ದ, ಓರೆ. ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ಬಾರಿಗೂ ಸ್ಟೀರಿಂಗ್ ಲಿಂಕಿಗೂ ಉದ್ದ, ಓರೆ ಹೊಂದದಿದ್ದರೆ ಸಸ್ಪೆನ್ಷನ್ ಕುಣಿದಾಗಲೆಲ್ಲ ಚಕ್ರ ತಾನಾಗಿ ತಿರುಗುತ್ತದೆ. ಇಂಥ ಗಾಡಿಗೆ ಒಂದಷ್ಟು ಟಾರ್ಕು ಹೆಚ್ಚೇ ಇಟ್ಟುಕೊಳ್ಳಿ.

ಡಿಫ್ ಲಾಕ್ ಮಾಡುವ (ಒಂದು ಆಕ್ಸಲ್ಲಿನ ಎರಡೂ ಚಕ್ರ ಒಂದೇ ವೇಗದಲ್ಲಿ ಸುತ್ತುವಂತೆ ಮಾಡುವ), ಗೇರ್ ಬದಲಿಸುವ ಸರ್ವೋಗಳಿಗೆ ಈ ಯಾವ ತಲೆಬಿಸಿಯೂ ಇಲ್ಲ. ಟ್ರ್ಯಾಕ್ಸಸ್ ಟಿಆರ್‌ಎಕ್ಸ್-4 ಥರದ ಗಾಡಿಗಳಲ್ಲಿ ಅವು ಪುಟ್ಟ ಮೈಕ್ರೋ ಸರ್ವೋಗಳು, ಒಂದು ಲಿವರ್ ಆಚೀಚೆ ತಳ್ಳಿದರೆ ಕೆಲಸ ಮುಗಿಯಿತು. ಹಿಂದಿನ ಚಕ್ರವೂ ತಿರುಗುವ ಗಾಡಿಯಾದರೆ ಮಾತು ಬೇರೆ. ಎರಡು ದೊಡ್ಡ ಸರ್ವೋ ಒಟ್ಟಿಗೆ ಸ್ಟಾಲ್ ಆಗುವ ಗಳಿಗೆ ಬಂದೇ ಬರುತ್ತದೆ, ಬಿಇಸಿಯ ಲೆಕ್ಕವನ್ನು ಎರಡು ಪಟ್ಟು ಮಾಡಿ.

ಹಾಕಿದ ದಿನ ಮಾಡುವ ಕೆಲಸ

ಸರ್ವೋಗಳನ್ನು ಕಲ್ಲಿಗಿಂತ ಜಾಸ್ತಿ ಕೊಲ್ಲುವುದು ರೇಡಿಯೋದಲ್ಲಿ, ಅಂದರೆ ಕೈಯಲ್ಲಿರುವ ರಿಮೋಟಿನಲ್ಲಿ, ಸರಿಮಾಡದೆ ಬಿಟ್ಟ ಎಂಡ್ ಪಾಯಿಂಟ್. ಸರ್ವೋ ಎಷ್ಟು ದೂರ ತಿರುಗಬಹುದು ಎಂದು ಹಾಕುವ ಮಿತಿ ಅದು. ನಕಲ್ ಒಂದು ಹಂತದಲ್ಲಿ ಆಕ್ಸಲ್ಲಿಗೆ ತಾಗಿ ನಿಲ್ಲುತ್ತದೆ. ರೇಡಿಯೋ ಇನ್ನೂ ಹೋಗು ಅನ್ನುತ್ತಿದ್ದರೆ ಸರ್ವೋ ಲೋಹವನ್ನೇ ತಳ್ಳುತ್ತಾ ನಿಲ್ಲುತ್ತದೆ. ಪೂರ್ತಿ ತಿರುಗಿಸಿದಾಗಲೆಲ್ಲ ಸ್ಟಾಲ್, ಕಲ್ಲೇ ಬೇಕಿಲ್ಲ.

ಗಾಡಿಯನ್ನು ಸ್ಟ್ಯಾಂಡ್ ಮೇಲಿಟ್ಟು ಚಕ್ರ ನೆಲ ಮುಟ್ಟದಂತೆ ಮಾಡಿ. ಹಾರ್ನ್ ಬಿಚ್ಚಿ, ರಿಮೋಟಿನಲ್ಲಿ ನಡುವನ್ನು ಆಚೀಚೆ ಸರಿಸುವ ಟ್ರಿಮ್ ಎಲ್ಲ ಸೊನ್ನೆ ಮಾಡಿ, ಕರೆಂಟು ಕೊಟ್ಟು ಸರ್ವೋ ತಾನಾಗಿ ನಡುವಿಗೆ ಬರಲಿ. ಆಮೇಲೆ ಹಾರ್ನನ್ನು 90 ಡಿಗ್ರಿಗೆ ಹತ್ತಿರದ ಹಲ್ಲಿಗೆ ಕೂರಿಸಿ, ಉಳಿದ ಚೂರನ್ನು ಸಬ್-ಟ್ರಿಮ್‌ನಲ್ಲಿ ಸರಿಮಾಡಿ. ಈಗ ಎಂಡ್ ಪಾಯಿಂಟನ್ನು ಕಡಿಮೆಯಿಂದ ಶುರುಮಾಡಿ ಒಂದೊಂದೇ ಅಂಕಿ ಏರಿಸುತ್ತಾ ಹೋಗಿ. ನಕಲ್ ತಾಗಿದ ತಕ್ಷಣ ಸರ್ವೋ ದನಿ ಬದಲಾಗುತ್ತದೆ, ಸಣ್ಣಗೆ ಗುಂಯ್‌ಗುಟ್ಟಲು ಶುರುವಾಗುತ್ತದೆ. ಅಲ್ಲಿಂದ ಎರಡು-ಮೂರು ಅಂಕಿ ಹಿಂದಕ್ಕೆ ಬನ್ನಿ, ದನಿ ನಿಲ್ಲಬೇಕು. ಎಡಕ್ಕೆ, ಬಲಕ್ಕೆ ಬೇರೆ ಬೇರೆ ಮಾಡಿ, ಎರಡೂ ಒಂದೇ ಅಂಕಿಗೆ ಬರುವುದು ಕಡಿಮೆ. ಚಾಸಿ ಮೇಲೆ ಸರ್ವೋ ಇದ್ದರೆ ಸಸ್ಪೆನ್ಷನ್ ಪೂರ್ತಿ ಮಡಚಿದಾಗಲೂ ಒಮ್ಮೆ ನೋಡಿ.

ಮೊದಲ ಬ್ಯಾಟರಿ ಮುಗಿಯುವ ಮುಂಚೆ ಒಂದೆರಡು ಬಾರಿ ಗಾಡಿ ನಿಲ್ಲಿಸಿ ಸರ್ವೋ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಬೆರಳಿಡಲಾಗದಷ್ಟು ಸುಡುತ್ತಿದ್ದರೆ ಎಂಡ್ ಪಾಯಿಂಟ್ ಇನ್ನೂ ಎಲ್ಲೋ ತಾಗುತ್ತಿದೆ, ಇಲ್ಲವೇ ನಕಲ್, ಬಾಲ್ ಜಾಯಿಂಟ್ ಬಿಗಿಯಾಗಿವೆ. ಹಾರ್ನ್‌ನಿಂದ ಲಿಂಕು ಬಿಚ್ಚಿ, ಚಕ್ರವನ್ನು ಕೈಯಲ್ಲೇ ಆಚೀಚೆ ಆಡಿಸಿ. ಒಂದೇ ಬೆರಳಿಗೆ ಸಲೀಸಾಗಿ ಆಡದಿದ್ದರೆ ಮೊದಲು ಅದನ್ನು ಬಿಡಿಸಿ, ಆಮೇಲೆ ಲಿಂಕು ಹಾಕಿ.